ಸೊಸೆ ಸೊರಗಿದ್ರೆ ದೃಷ್ಟಿ ತೆಗೆದು ಸುಮ್ನಾಗ್ಬೇಡಿ

ನಮ್ಮ ಹಾಸನದ ಕಡೆ ಲಕ್ವ ಹೊಡೆದವರನ್ನೋ ಮರೆವಿನ ಕಾಯಿಲೆಯವರನ್ನೋ ನೋಡೋಕೆ ಬಂದವರೆಲ್ಲ ಮಂಚದ ಪಕ್ಕ ಕೂತು ಬಿಪಿ ಎಷ್ಟು ಶುಗರ್ ಎಷ್ಟು ಅಂತ ವಿಚಾರಿಸ್ತಾರೆ, ಕಾಫಿ ತಂದುಕೊಟ್ಟ ಸೊಸೆ ಸೊರಗಿರೋದು ಕಣ್ಣಿಗೆ ಬಿದ್ರೆ 'ಯಾರದೋ ದೃಷ್ಟಿ ತಾಗಿದೆ ಕಣಮ್ಮ' ಅಂದು ಎದ್ದು ಹೋಗ್ತಾರೆ. ದೃಷ್ಟಿನೂ ಅಲ್ಲ ಗಾಳಿನೂ ಅಲ್ಲ ಸ್ವಾಮಿ, ಅದು ರೋಗೀನ ನೋಡ್ಕೊಳ್ಳೋ ಭಾರ, ಅಳತೆಗೆ ಸಿಗೋ ವಿಷ್ಯ.

1995ರಲ್ಲಿ ಅಮೆರಿಕದ ಒಹಾಯೋದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ತಂಡ, ಮರೆವಿನ ಕಾಯಿಲೆಯವರನ್ನ ನೋಡ್ಕೊಳ್ತಿದ್ದ 13 ಹೆಂಗಸರು, ಅಂಥ ಹೊಣೆ ಇಲ್ಲದ 13 ಹೆಂಗಸರ ತೋಳಲ್ಲಿ 3.5 ಮಿಲಿಮೀಟರಿನ ಸಣ್ಣ ಗಾಯ ಮಾಡಿ ಕಾದು ನೋಡ್ತು. ಹೊಣೆ ಇಲ್ಲದವರಿಗೆ ಸರಾಸರಿ 39 ದಿನಕ್ಕೆ ಮಾಯ್ತು, ನೋಡ್ಕೊಳ್ಳೋರಿಗೆ ಸುಮಾರು 49 ದಿನ ಬೇಕಾಯ್ತು! ನನಗಂತೂ ಇದು ಎಷ್ಟು ಸಲ ಓದಿದ್ರೂ ಮೈ ಜುಮ್ಮನ್ನುತ್ತೆ. ಗಾಯ ಆದ ತಕ್ಷಣ ಬಿಳಿ ರಕ್ತಕಣಗಳು ಇಂಟರ್‌ಲ್ಯೂಕಿನ್-1 ಅನ್ನೋ ಪ್ರೋಟೀನ್ ಬಿಡ್ತವೆ, ಅದು ಊರಲ್ಲಿ ಡಂಗುರ ಸಾರೋನ ಥರ, ಅದು ಸಾರಿದ್ಮೇಲೇನೇ ರಿಪೇರಿ ಮಾಡೋ ಜೀವಕೋಶಗಳು ಅಲ್ಲಿಗೆ ಓಡಿ ಬರೋದು. ವರ್ಷಗಟ್ಟಲೆ ಒತ್ತಡ ಇದ್ರೆ ಕಾರ್ಟಿಸೋಲ್ ಹಾರ್ಮೋನು ಆ ಸದ್ದನ್ನೇ ತಗ್ಗಿಸಿಬಿಡುತ್ತೆ. ರೋಗಿಗಳನ್ನ ನೋಡ್ಕೊಳ್ತಿದ್ದ ಆ ಹೆಂಗಸರ ರಕ್ತಕಣಗಳಲ್ಲಿ ಇಂಟರ್‌ಲ್ಯೂಕಿನ್ ತಯಾರಿ ನಿಜವಾಗ್ಲೂ ಕಮ್ಮಿ ಇತ್ತು.

ಎಲ್ಲರ ತೋಳಿಗೂ ಗಾಯ ಮಾಡೋಕಾಗುತ್ತಾ, ಅದಕ್ಕೇ ನೋಡ್ಕೊಳ್ಳೋರ ಭಾರ ಅಳೆಯೋಕೆ ಪ್ರಶ್ನಾವಳಿ. ಸ್ಟೀವನ್ ಜ಼ಾರಿಟ್ ಮತ್ತವರ ಜೊತೆಗಾರರು 1980ರಲ್ಲಿ 29 ಪ್ರಶ್ನೆ ಮಾಡಿದ್ರು, ಈಗ ಬಳಕೆಯಲ್ಲಿರೋದು 22, ಒಂದೊಂದಕ್ಕೆ ಸೊನ್ನೆಯಿಂದ 4 ಅಂಕ, ಒಟ್ಟು 88. ನಮ್ಮ ಪಕ್ಕದ ಚೆನ್ನೈನಲ್ಲೇ ಡಾ. ತಾರಾ ಮತ್ತವರ ತಂಡ 1998ರಲ್ಲಿ ಮಾನಸಿಕ ಕಾಯಿಲೆಯವರ ಮನೆಯವರಿಗೆ ಅಂತಲೇ 40 ಪ್ರಶ್ನೆಯ ಅಳತೆ ಪ್ರಕಟಿಸಿದ್ರು.

ಆದ್ರೆ ಭಾರ ಎಷ್ಟು ಅಂತ ಗೊತ್ತಾದ್ರೆ ಸಾಕಾ? 88ಕ್ಕೆ 60 ಬಂತು ಅಂತ ಚೀಟಿ ಕೊಟ್ರೆ ಸೊಸೆ ಅದನ್ನ ಒಲೆ ಹಚ್ಚೋಕೆ ಬಳಸ್ಬೇಕಷ್ಟೇ. ಇಂಗ್ಲೆಂಡಲ್ಲಿ ಗೇಲ್ ಯೂಯಿಂಗ್, ಗುನ್ ಗ್ರಾಂಡೆ ಅನ್ನೋರು ಕೊನೆಗಾಲದ ರೋಗಿಗಳ ಮನೆಯವರಿಗಾಗಿ ಮಾಡಿದ 14 ಅಂಶದ ಪಟ್ಟಿ ನನಗೆ ಇಷ್ಟ ಆಗೋದು ಇದಕ್ಕೇ, ಅದು ಅಂಕ ಕೂಡಿಸೋಕಲ್ಲ, ಯಾವುದರಲ್ಲಿ ಇನ್ನಷ್ಟು ಸಹಾಯ ಬೇಕು ಅಂತ ಕೇಳುತ್ತೆ: ಔಷಧಿ ಕೊಡೋದ್ರಲ್ಲಾ, ಸ್ನಾನ ಮಾಡಿಸೋದ್ರಲ್ಲಾ, ದುಡ್ಡಿಂದಾ, ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡ್ಬೇಕು ಅನ್ನೋದಾ, ರಾತ್ರಿ ಬಿಡುವಾ?

ಇದನ್ನ ನಮ್ಮಲ್ಲಿ ಕೇಳೋರು ಒಂದು ಕೆಲಸ ಮಾಡ್ಬೇಕು, ಸೊಸೇನ ಹಿತ್ತಲಿಗೆ ಕರ್ಕೊಂಡು ಹೋಗಿ ಕೇಳ್ಬೇಕು. ಅತ್ತೆ ಮಂಚದ ಮೇಲೆ ಕಿವಿ ನಿಮಿರಿಸಿಕೊಂಡು ಮಲಗಿರೋವಾಗ 'ನನಗೇನು ತೊಂದ್ರೆ ಇಲ್ಲ' ಅಂತಲೇ ಹೇಳೋದು ಅವಳು, ಆ ಉತ್ತರ ಬರ್ಕೊಂಡು ಹೋಗಿ ಏನು ಪ್ರಯೋಜನ?