ಬಚ್ಚಲ ಒಲೆ ಬಿಟ್ಟು ಗೀಸರ್ ಹಾಕಿಸಿದರೆ ಬಿಲ್ ಎಷ್ಟು ಬರುತ್ತದೆ?

ಓದುಗರ ಪ್ರಶ್ನೆ: ನಮ್ಮದು ಬೆಟಗೇರಿಯಲ್ಲಿ ಹಳೇ ಮನೆ. ಇನ್ನೂ ಬಚ್ಚಲ ಒಲೆಗೆ ಕಟ್ಟಿಗೆ ಹಾಕಿ ಹಂಡೆಯಲ್ಲೇ ನೀರು ಕಾಯಿಸುತ್ತೇವೆ. ಹೊಗೆಗೆ ಅವ್ವನ ಕೆಮ್ಮು ಜಾಸ್ತಿ ಆಗಿದೆ. ಗೀಸರ್ ಹಾಕಿಸೋಣ ಅಂದ್ರೆ ಅಪ್ಪ, "ಬಿಲ್ ಸಾವಿರಗಟ್ಟಲೆ ಬರ್ತದ, ಫ್ರೀ ಕರೆಂಟೂ ಹೋಗ್ತದ" ಅಂತಾರೆ. ನಿಜವಾ? ಹಂಡೆ ಮಾರಿಬಿಡೋದಾ?

ಉತ್ತರ: ಸಾವಿರಗಟ್ಟಲೆ ಬರೋದಿಲ್ಲ. ಆದರೆ ಫ್ರೀ ಕರೆಂಟಿನ ಬಗ್ಗೆ ನಿಮ್ಮ ತಂದೆಯವರ ಹೆದರಿಕೆಯಲ್ಲಿ ಅರ್ಧ ನಿಜ ಇದೆ. ಅದರ ಲೆಕ್ಕ ಮಾಡದೆ ಗೀಸರ್ ತರಬೇಡಿ.

ಮೊದಲು ನೀರಿನ ಲೆಕ್ಕ. ಗೀಸರ್ ಮೇಲೆ 2000 ವ್ಯಾಟ್, 3000 ವ್ಯಾಟ್ ಅಂತ ಬರೆದಿರೋದು ನೋಡಿ ಎಲ್ಲರೂ ಹೆದರುತ್ತಾರೆ. ಕರೆಂಟ್ ಎಷ್ಟು ಹೋಗುತ್ತದೆ ಅನ್ನೋದು ಆ ನಂಬರಿನ ಮೇಲಿಲ್ಲ, ನೀವು ಎಷ್ಟು ಬಕೆಟ್ ನೀರು ಕಾಯಿಸುತ್ತೀರಿ ಅನ್ನೋದರ ಮೇಲಿದೆ. 20 ಲೀಟರಿನ ಒಂದು ಬಕೆಟ್ ನೀರನ್ನು ಚಳಿಗಾಲದಲ್ಲಿ 20 ಡಿಗ್ರಿಯಿಂದ ಮೈಗೆ ಹಿತವಾದ 40 ಡಿಗ್ರಿಗೆ ತರಲು ಅರ್ಧ ಯೂನಿಟ್‌ಗಿಂತ ಸ್ವಲ್ಪ ಕಡಿಮೆ ಸಾಕು. 3 ಲೀಟರಿನ ಇನ್‌ಸ್ಟಂಟ್ ಗೀಸರ್ ಇರಲಿ, 15 ಲೀಟರಿನ ಟ್ಯಾಂಕ್ ಗೀಸರ್ ಇರಲಿ, ಹೆಚ್ಚುಕಡಿಮೆ ಅಷ್ಟೇ. ದೊಡ್ಡ ವ್ಯಾಟ್ ಬೇಗ ಕಾಯಿಸುತ್ತದೆ, ಸಣ್ಣದು ನಿಧಾನಕ್ಕೆ. ಮನೆಯಲ್ಲಿ ನಾಲ್ಕು ಜನ, ತಲಾ ಒಂದು ಬಕೆಟ್ ಅಂದರೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 360 ರೂಪಾಯಿ ಆಯಿತು. ನೀವು ತಿಂಗಳಿಗೆ ಕಟ್ಟಿಗೆಗೆ ಕೊಡೋದು ಎಷ್ಟು ಅಂತ ಒಮ್ಮೆ ಕೂಡಿಸಿ ನೋಡಿ.

ಈಗ ಗೃಹಜ್ಯೋತಿ. 2023ರ ಆಗಸ್ಟ್‌ನಿಂದ ಬಂದಿರೋ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ತುಂಬ ಜನ ತಿಳಿದಿದ್ದಾರೆ, ಹಾಗಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿ ನಿಮ್ಮ ಮಿತಿ ಕಟ್ಟಿದ್ದಾರೆ. ಆಗ 90 ಯೂನಿಟ್ ಸರಾಸರಿ ಇತ್ತು ಅಂದುಕೊಳ್ಳಿ, ನಿಮಗೆ ಫ್ರೀ ಇರೋದು 99. ಗೀಸರ್ ಬಂದು ಬಳಕೆ 150ಕ್ಕೆ ಏರಿದರೆ ಮೇಲಿನ 51 ಯೂನಿಟ್‌ಗೆ ಮಾತ್ರ ಹಣ ಕಟ್ಟುತ್ತೀರಿ. ಇದು ಪರವಾಗಿಲ್ಲ. ತೊಂದರೆ ಇರೋದು ಈಗಲೇ 150ರ ಆಸುಪಾಸಿನಲ್ಲಿ ಇರೋ ಮನೆಗಳಿಗೆ. ಅವರು 60 ಯೂನಿಟ್ ಸೇರಿಸಿದರೆ 200 ದಾಟುತ್ತದೆ, ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ಅಂಗಡಿಗೆ ಹೋಗೋ ಮೊದಲು ಹಿಂದಿನ ಒಂದು ವರ್ಷದ ಹೆಸ್ಕಾಂ ಬಿಲ್‌ಗಳನ್ನು ಒಂದು ಕಡೆ ಇಟ್ಟುಕೊಂಡು ನೋಡಿ, ಅದರಲ್ಲೂ ಬೇಸಿಗೆಯ ಬಿಲ್ ಬಿಡಬೇಡಿ, ಆಗ ಫ್ಯಾನು ಕೂಲರು ಸೇರಿ ಬಳಕೆ ಎಷ್ಟು ಏರುತ್ತದೆ ಅಂತ ಗೊತ್ತಾಗುತ್ತದೆ. 200ರ ಅಂಚಿನಲ್ಲಿದ್ದರೆ ಸೋಲಾರ್ ಹೀಟರ್ ಯೋಚನೆ ಮಾಡಿ. ನಮ್ಮ ಕಡೆ ಬಿಸಿಲಿಗೆ ಕೊರತೆ ಇಲ್ಲ ಅಲ್ವಾ.

ಬಿಲ್‌ಗಿಂತ ನನಗೆ ಜಾಸ್ತಿ ಚಿಂತೆ ನಿಮ್ಮ ಹಳೇ ಮನೆಯ ವೈರಿಂಗಿನದು. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಮೊದಲ ಗೀಸರ್ ಹಾಕಿಸಿದಾಗ ಮಿಕ್ಸರ್ ಹಚ್ಚುವ ಸಣ್ಣ ಸಾಕೆಟ್‌ಗೇ ಒಂದು ಕನ್ವರ್ಟರ್ ಪ್ಲಗ್ ಸಿಕ್ಕಿಸಿ ಹೋಗಿದ್ದರು. ಎರಡು ವಾರಕ್ಕೆ ಬಚ್ಚಲಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ. ಪ್ಲಗ್ ಕೀಳಲು ಹೋದರೆ ಬರಲಿಲ್ಲ, ಕರಗಿ ಅಂಟಿಕೊಂಡಿತ್ತು. ಸಾಕೆಟ್ಟಿನ ಬಿಳಿ ಮುಖ ಚಹಾದ ಬಣ್ಣಕ್ಕೆ ತಿರುಗಿತ್ತು, ಒಳಗಿನ ವೈರಿನ ರಬ್ಬರು ಮುಟ್ಟಿದರೆ ಪುಡಿಪುಡಿ. 2000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, 3000 ವ್ಯಾಟಿನದು 13. ಆ ಸಣ್ಣ ಸಾಕೆಟ್ ಇರೋದು 6 ಆಂಪಿಯರಿಗೆ. ಗೀಸರಿಗೆ ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ. ಟ್ಯಾಂಕ್ ಗೀಸರಿಗೆ 2.5 ಎಂಎಂ ತಾಮ್ರದ ವೈರು, 3000 ವ್ಯಾಟಿಗೆ 4 ಎಂಎಂ ಒಳ್ಳೇದು, ಜೊತೆಗೆ 16 ಆಂಪಿಯರ್ ಸಾಕೆಟ್ ಮತ್ತು ಎಂಸಿಬಿ, ಅಂದರೆ ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್. ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕಡೆ ಟೆಸ್ಟ್ ಮಾಡಿಸಿ, ಸುಮ್ನೆ "ಐತ್ರಿ" ಅಂದರೆ ಬಿಡಬೇಡಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ ಕರೆಂಟ್ ಸೋರಿದ ಕ್ಷಣಕ್ಕೆ ಲೈನ್ ಕಟ್ ಆಗುತ್ತದೆ. ಒದ್ದೆ ಮೈಯಲ್ಲಿ ನಿಲ್ಲುವ ಜಾಗ ಅದು, ಈ ಖರ್ಚಿನಲ್ಲಿ ಚೌಕಾಸಿ ಬೇಡ. ಮಂಜೂರಾದ ಲೋಡ್, ಅಂದರೆ ನಿಮ್ಮ ಮನೆ ಒಟ್ಟಿಗೆ ಎಳೆಯಲು ಒಪ್ಪಿಗೆ ಇರೋ ಕರೆಂಟ್, 1 ಕಿಲೋವ್ಯಾಟ್ ಇದ್ದರೆ ಹೆಸ್ಕಾಂನಲ್ಲಿ ಅರ್ಜಿ ಕೊಟ್ಟು ಏರಿಸಿಕೊಳ್ಳಿ.

ಯಾವ ಗೀಸರ್? ಅವ್ವ ಇರೋ ಮನೆಗೆ 15 ಲೀಟರಿನ ಟ್ಯಾಂಕೇ ಇರಲಿ. ಇಪ್ಪತ್ತು ನಿಮಿಷಕ್ಕೆ ಕಾಯುತ್ತದೆ, ತಣ್ಣೀರು ಬೆರೆಸಿದರೆ ಒಂದೂವರೆ ಬಕೆಟ್ ಹತ್ತಿರ ಸಿಗುತ್ತದೆ. ಕಾದ ಮೇಲೆ ಸ್ವಿಚ್ ಆರಿಸಿ ಸ್ನಾನಕ್ಕೆ ಹೋಗಲಿ. ನಿಮ್ಮದು ಬೋರಿನ ಸವಳು ನೀರಾದರೆ ಬಿಸಿ ಎಷ್ಟಿರಬೇಕು ಅಂತ ಗೊತ್ತುಮಾಡುವ ಥರ್ಮೋಸ್ಟಾಟನ್ನು 55 ಡಿಗ್ರಿ ಹತ್ತಿರ ಇಡಿ. ನೀರು ಕುದಿ ಹತ್ತಿದಷ್ಟೂ ಒಳಗೆ ಸುಣ್ಣದ ಪದರ ಜಾಸ್ತಿ ಕಟ್ಟುತ್ತದೆ, ನೀರು ಕಾಯಿಸುವ ಕಾಯಿಲ್, ಅಂದರೆ ಎಲಿಮೆಂಟ್, ಬೇಗ ಸುಡುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ, ಆಗಲೇ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ಆನೋಡ್ ರಾಡ್ ಸವೆದಿದೆಯಾ ನೋಡಿಸಿ. ಮೊದಲ ಸಲ ಚಾಲೂ ಮಾಡುವಾಗ ಬಿಸಿನೀರಿನ ನಳದಲ್ಲಿ ನೀರು ಬಂದ ಮೇಲೇ ಸ್ವಿಚ್ ಒತ್ತಬೇಕು, ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಎಲಿಮೆಂಟ್ ಹೋಯಿತು. ಅಗ್ಗ ಅಂತ ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಮಾತ್ರ ಹಾಕಬೇಡಿ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ.

ಹಂಡೆ ಮಾರಬೇಡಿ. ಒಲೆಯನ್ನು ಹಿತ್ತಲಿಗೆ ಒಯ್ದು, ಮೂರು ಕಲ್ಲಿಟ್ಟು ಅದರ ಮೇಲೆ ಹಂಡೆ ಕೂರಿಸಿ. ಕರೆಂಟ್ ಇಲ್ಲದ ದಿನಕ್ಕಾಯಿತು, ನೀರು ತುಂಬುವ ಹಬ್ಬಕ್ಕೂ ಆಯಿತು. ಅವತ್ತು ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಹಿಂಡಲಕಾಯಿ ಬಳ್ಳಿ ಸುತ್ತುವ ಕೆಲಸ ಅವ್ವನೇ ಮಾಡಲಿ. ಉರಿ ಹಚ್ಚೋದು ಮಾತ್ರ ನೀವು.