ಧರ್ಮ ಮತ್ತು ನೌಕರಿ: ಮೊದಲು ಮಾಲೀಕ ಯಾರು ಎಂದು ನೋಡಿ

ಕೆಲಸದ ಜಾಗದಲ್ಲಿ ಧರ್ಮದ ಹೆಸರಿನಲ್ಲಿ ತಾರತಮ್ಯ ಎಂಬ ಪ್ರಶ್ನೆ ಯಾರಾದರೂ ಕೇಳಿದರೆ ಸಾಕು, ಉತ್ತರವಾಗಿ ನಾವೆಲ್ಲ ಸಂವಿಧಾನದ 16ನೇ ವಿಧಿ ಬರೆದು ಮುಗಿಸುತ್ತೇವೆ. ಕೆಲಸ ಕೊಟ್ಟವರು ಯಾರು ಎಂದು ನೋಡುವುದೇ ಇಲ್ಲ. ಅರ್ಧ ಉತ್ತರ ಇರುವುದು ಅಲ್ಲೇ.

ಧರ್ಮ ನೋಡಿ ಕೆಲಸ ತಪ್ಪಿಸಬಾರದು ಎನ್ನುವ 16(2)ನೇ ವಿಧಿ ಸರ್ಕಾರಿ ಉದ್ಯೋಗಕ್ಕೆ ಮಾತ್ರ. ಕೈಗಾ ಅಣು ವಿದ್ಯುತ್ ಸ್ಥಾವರ, ಶಿರಸಿಯ ಬಸ್ ಡಿಪೋ, ಕಾರವಾರದ ಜಿಲ್ಲಾಧಿಕಾರಿ ಕಚೇರಿ, ಇವೆಲ್ಲ ಅದರೊಳಗೆ ಬರುತ್ತವೆ. ಇಲ್ಲಿ ಧರ್ಮ ನೋಡಿ ಕೆಲಸ ತಪ್ಪಿಸಿದರೆ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹೈಕೋರ್ಟಿನ ಧಾರವಾಡ ಪೀಠ. ಗುತ್ತಿಗೆದಾರನ ಕೈಕೆಳಗೆ ದುಡಿಯುವವರಿಗೆ ಮಾತ್ರ ಈ ದಾರಿ ಅಷ್ಟು ಸಲೀಸಲ್ಲ. ಇನ್ನು, ಅರ್ಚಕರ ಹುದ್ದೆಗೆ ಆ ಧರ್ಮದವರೇ ಬೇಕು ಎಂಬ ಕಾನೂನು ಇದ್ದರೆ 16(5) ಅದನ್ನು ಒಪ್ಪುತ್ತದೆ.

ಸೇನೆಯ ವಿಷಯ ಬೇರೆ. ವಾಯುಪಡೆಯ ಮೊಹಮ್ಮದ್ ಜುಬೇರ್ ಗಡ್ಡ ಬಿಡಲು ಅನುಮತಿ ಕೇಳಿದ್ದರು. ಸಿಗಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ವಾಯುಪಡೆಯ ಪರ ನಿಂತಿತು. ಕೂದಲು ಕತ್ತರಿಸುವುದನ್ನು ಧರ್ಮವೇ ನಿಷೇಧಿಸಿದ್ದರೆ ನಿಯಮದಲ್ಲಿ ವಿನಾಯಿತಿ ಇತ್ತು. ಆದರೆ ಅಂಥ ನಿಷೇಧ ಇದೆ ಎಂದು ತೋರಿಸಲು ಅವರ ಕಡೆಯಿಂದ ಆಗಲಿಲ್ಲ. ಸಮವಸ್ತ್ರದಷ್ಟೇ ಒಂದೇ ರೀತಿಯ ರೂಪವೂ ಶಿಸ್ತಿನ ಭಾಗ ಎಂಬುದು ತೀರ್ಪಿನ ತಿರುಳು. ಇದೇ ತೀರ್ಪನ್ನು ಬಟ್ಟೆ ಅಂಗಡಿಯ ನೌಕರನಿಗೂ ಹಚ್ಚುವವರಿದ್ದಾರೆ. ಅದು ನನಗೆ ಸರಿ ಕಾಣುವುದಿಲ್ಲ. ಅಂಗಡಿಗೆ ಸೇನೆಯ ಶಿಸ್ತು ಯಾಕೆ ಬೇಕು, ಅಲ್ವಾ?

ಈಗ ಕಷ್ಟದ ಭಾಗ. ಶಿರಸಿಯ ಅಡಿಕೆ ಮಂಡಿ, ಕಾರವಾರದ ಹೋಟೆಲ್, ಭಟ್ಕಳದ ಅಂಗಡಿ, ಎಲ್ಲ ಖಾಸಗಿ. ಕೆಲಸಕ್ಕೆ ತೆಗೆದುಕೊಳ್ಳುವಾಗ ಧರ್ಮ ನೋಡಬಾರದು ಎಂದು ಖಾಸಗಿ ಮಾಲೀಕರೆಲ್ಲರನ್ನೂ ಕಟ್ಟಿಹಾಕುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಉದ್ಯೋಗದಲ್ಲಿ ಧರ್ಮದ ತಾರತಮ್ಯ ಬೇಡ ಎನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 111ನೇ ಒಪ್ಪಂದವನ್ನು ಭಾರತ 1960ರಲ್ಲೇ ಒಪ್ಪಿದೆ. ಒಪ್ಪಿ ಇಷ್ಟು ವರ್ಷವಾದರೂ ಈ ಖಾಲಿ ಜಾಗ ಹಾಗೇ ಉಳಿದಿದೆ.

ಕೆಲಸ ಸಿಕ್ಕ ಮೇಲೆ ಸ್ವಲ್ಪ ಹಿಡಿತ ಸಿಗುತ್ತದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ ನೋಡಿ. ಆರು ತಿಂಗಳು ಸತತ ದುಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡದೆ ಸುಮ್ನೆ ತೆಗೆಯುವಂತಿಲ್ಲ. ಮೇಲ್ಮನವಿಗೂ ಅವಕಾಶವಿದೆ. ಕಲಂನಲ್ಲಿ ಧರ್ಮದ ಮಾತೇ ಇಲ್ಲ, ಆದರೂ ಮಾಲೀಕ ಕಾರಣ ಹೇಳಬೇಕಾಗುತ್ತದೆ. ಅವನು ಬರೆದುಕೊಟ್ಟ ಪತ್ರ, ವಾಟ್ಸಾಪ್ ಸಂದೇಶ ಕೆಲಸಕ್ಕೆ ಬರುವುದು ಆಗಲೇ.

ಹಬ್ಬದ ರಜೆಗೂ ಕಾಯ್ದೆ ಉಂಟು, 1963ರದ್ದು. ರಾಷ್ಟ್ರೀಯ ದಿನಗಳ ಜೊತೆಗೆ ಹಬ್ಬಗಳಿಗೂ ರಜೆ ಕೊಡಬೇಕು. ಯಾವ ಹಬ್ಬ ಎಂಬುದನ್ನು ಮಾಲೀಕರು, ನೌಕರರು ಇಬ್ಬರನ್ನೂ ಕೇಳಿ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಗೊತ್ತುಮಾಡುತ್ತಾರೆ. ಮಾರಿಕಾಂಬಾ ಜಾತ್ರೆ, ರಂಜಾನ್, ಕ್ರಿಸ್ಮಸ್ ಯಾವುದನ್ನಾದರೂ ಕೇಳಲು ಇದೇ ಸಮಯ.

ಅಮೆರಿಕದ ಕಥೆಯನ್ನು ಇಲ್ಲಿ ಬೆರೆಸಬೇಡಿ. ಅಲ್ಲಿ 1964ರ ನಾಗರಿಕ ಹಕ್ಕು ಕಾಯ್ದೆ ಖಾಸಗಿ ಕಂಪನಿಗಳಿಗೂ ತಗಲುತ್ತದೆ. ಭಾನುವಾರ ದುಡಿಯಲಾರೆ ಎಂದ ಅಂಚೆ ನೌಕರನ ಪ್ರಕರಣದಲ್ಲಿ, ರಜೆ ನಿರಾಕರಿಸಲು ಸಣ್ಣಪುಟ್ಟ ತೊಂದರೆ ಸಾಲದು ಎಂದು 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಭಟ್ಕಳದ ಅಂಗಡಿಯಲ್ಲಿ ಶುಕ್ರವಾರದ ನಮಾಜಿಗೆ ಒಂದು ಗಂಟೆ ಬಿಡುವು ಸಿಗುತ್ತಿದ್ದರೆ ಅದು ಊರಿನ ರೂಢಿ, ಇಲ್ಲವೇ ಮಾಲೀಕನ ಜೊತೆ ಆದ ಮಾತು. ಉತ್ತರದಲ್ಲಿ ಹಾಗೆಂದೇ ಬರೆಯಿರಿ.