ಪದ ಪರಿಚಯ: ಕ್ಯಾಡ್ ಮೈಗ್ರೇಶನ್

ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರ್‌ನಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ, ‘ಸಿ’ ಒತ್ತಿ ಸ್ಪೇಸ್ ತಟ್ಟಿದರೆ ಕಾಪಿ ಆಗಬೇಕು. ಹತ್ತು ವರ್ಷದ ಹಿಂದೆ ನೀವೇ ಹಾಗೆ ಬದಲಾಯಿಸಿಕೊಂಡಿದ್ದೀರಿ. ಹೊಸ ಸಾಫ್ಟ್‌ವೇರ್‌ನಲ್ಲಿ ಅದೇ ‘ಸಿ’ ಒತ್ತಿದರೆ ಸರ್ಕಲ್ ಬರುತ್ತದೆ. ಡ್ರಾಯಿಂಗ್ ಅದೇ ಇದೆ, ಕೈ ಮಾತ್ರ ತಡವರಿಸುತ್ತದೆ. ಡ್ರಾಯಿಂಗ್ ಜೊತೆ ಕೈಯ ರೂಢಿಯನ್ನೂ ಒಂದು ಕ್ಯಾಡ್‌ನಿಂದ ಇನ್ನೊಂದಕ್ಕೆ ಸಾಗಿಸುವುದೇ ಮೈಗ್ರೇಶನ್. ವಲಸೆ ಅಂತಲೇ ಕರೆಯಬಹುದು.

ಆಟೋಕ್ಯಾಡ್ ಅನ್ನುವ ಕ್ಯಾಡ್ ತಯಾರಿಸುವ ಆಟೋಡೆಸ್ಕ್ ಕಂಪನಿ 2016ರಲ್ಲಿ ಅದರ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿ ಚಂದಾಗೆ ಬಂತು. ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯುಕ್ಯಾಡ್ ಅನ್ನುವ ಬೇರೆ ಕ್ಯಾಡ್‌ಗಳ ಕಡೆ ನೋಡುವ ಸಣ್ಣ ಆಫೀಸುಗಳಿಗೆ ಅದೊಂದು ದೊಡ್ಡ ಕಾರಣ. ಇವೆರಡೂ ಆಟೋಕ್ಯಾಡ್‌ನ ಡ್ರಾಯಿಂಗ್ ಫೈಲನ್ನು, ಅಂದರೆ ಡಿಡಬ್ಲ್ಯುಜಿಯನ್ನು, ತೆರೆಯುತ್ತವೆ. ಅಲ್ಲಿಗೆ ವಲಸೆ ಮುಗಿಯಿತು ಅಂದುಕೊಳ್ಳಬೇಡಿ.

ಶಾರ್ಟ್‌ಕಟ್‌ಗಳದ್ದು ಸುಲಭ. ಅವು ಪಿಜಿಪಿ ಅನ್ನುವ ಸಾದಾ ಟೆಕ್ಸ್ಟ್ ಫೈಲಿನಲ್ಲಿರುತ್ತವೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ನಿಮ್ಮ ಸಾಲುಗಳನ್ನು ಹೊಸ ಕಡೆಗೆ ಅಂಟಿಸಿದರೆ ಆಯಿತು.

ಮೆನುವಿಗೆ ಸ್ವಲ್ಪ ಜಾಸ್ತಿ ಗಮನ ಬೇಕು. ಮೊದಲು ಮೆನು ಕೂಡ ಟೆಕ್ಸ್ಟ್ ಫೈಲೇ ಆಗಿತ್ತು. ಆಟೋಕ್ಯಾಡ್ 2006 ಆವೃತ್ತಿಯಲ್ಲಿ ಸಿಯುಐ ಅನ್ನುವ ಹೊಸ ಬಗೆಯ ಮೆನು ಫೈಲು ಬಂತು, 2010 ಆವೃತ್ತಿಯಲ್ಲಿ ಸಿಯುಐಎಕ್ಸ್. ಮೆನು ಫೈಲಿನ ಹೆಸರಲ್ಲೇ ಎಂಎನ್‌ಎಲ್ ಅನ್ನುವ ಇನ್ನೊಂದು ಫೈಲು ಇರಬಹುದು. ಮೆನುವಿಗೆ ಬೇಕಾದ ಲಿಸ್ಪ್ ಭಾಷೆಯ ಪ್ರೋಗ್ರಾಂ ಅದರಲ್ಲಿರುತ್ತದೆ. ಅದನ್ನು ಬಿಟ್ಟು ಬಂದರೆ ಬಟನ್ ಕಾಣುತ್ತದೆ, ಒತ್ತಿದರೆ ಕೆಲಸ ಆಗುವುದಿಲ್ಲ.

ನಿಜವಾದ ಆಸ್ತಿ ಇರುವುದು ಆಟೋಲಿಸ್ಪ್‌ನಲ್ಲಿ, ಅಂದರೆ ಆಟೋಕ್ಯಾಡ್ ಒಳಗೇ ಪ್ರೋಗ್ರಾಂ ಬರೆಯುವ ಲಿಸ್ಪ್ ಭಾಷೆಯಲ್ಲಿ. 1986ರಿಂದ ಡ್ರಾಫ್ಟ್ಸ್‌ಮನ್‌ಗಳು ತಮ್ಮ ಬೇಸರದ ಕೆಲಸವನ್ನೆಲ್ಲ ಇದಕ್ಕೆ ಒಪ್ಪಿಸಿದ್ದಾರೆ. ಮಹಡಿ ಎತ್ತರ 3000 ಮಿಲಿಮೀಟರ್ ಅಂತ ಕೊಟ್ಟರೆ 150 ಮಿಲಿಮೀಟರ್ ಎತ್ತರದ 20 ಮೆಟ್ಟಿಲು ತಾನೇ ಎಳೆಯುವ ಪುಟ್ಟ ಪ್ರೋಗ್ರಾಂ ಇದ್ದರೆ ಎಷ್ಟು ಹಾಯಿ, ಅಲ್ವಾ? ಬ್ರಿಕ್ಸ್‌ಕ್ಯಾಡ್‌ಗೂ ಝಡ್‌ಡಬ್ಲ್ಯುಕ್ಯಾಡ್‌ಗೂ ಲಿಸ್ಪ್ ಬರುತ್ತದೆ. ಹೆಚ್ಚಿನವು ಹಾಗೇ ಓಡುತ್ತವೆ.

ಎಡವುವುದು ಎಲ್ಲಿ ಅಂದರೆ, ಕಮಾಂಡ್ ಕೇಳುವ ಪ್ರಶ್ನೆಗಳ ಸಾಲಿನಲ್ಲಿ. ಸ್ಕ್ರಿಪ್ಟ್ ಅಂದರೆ ಆ ಪ್ರಶ್ನೆಗಳಿಗೆ ಮೊದಲೇ ಬರೆದಿಟ್ಟ ಉತ್ತರಗಳು. ಸ್ಕ್ರಿಪ್ಟ್ ಫೈಲಿನಲ್ಲಿ ಒಂದು ಖಾಲಿ ಜಾಗ ಕೂಡ ಎಂಟರ್ ಒತ್ತಿದ ಹಾಗೆ. ಹೊಸ ಸಾಫ್ಟ್‌ವೇರ್ ನಡುವೆ ಒಂದು ಪ್ರಶ್ನೆ ಜಾಸ್ತಿ ಕೇಳಿತೋ, ಲೇಯರ್ ಹೆಸರು ಹೋಗಿ ಬಣ್ಣದ ಜಾಗದಲ್ಲಿ ಕೂರುತ್ತದೆ. ಆಮೇಲಿನ ಉತ್ತರಗಳೂ ಒಂದೊಂದು ಮನೆ ಜರುಗುತ್ತವೆ. ಅದಕ್ಕೇ ಪ್ರತಿ ಸ್ಕ್ರಿಪ್ಟನ್ನೂ ಸುಮ್ನೆ ನಂಬದೆ ಖಾಲಿ ಡ್ರಾಯಿಂಗ್‌ನಲ್ಲಿ ಒಮ್ಮೆ ಓಡಿಸಿ, ಎಫ್2 ಒತ್ತಿ ಪ್ರಶ್ನೋತ್ತರವನ್ನು ಸಾಲುಸಾಲಾಗಿ ಓದಬೇಕು.

ಕಂಪೈಲ್ ಮಾಡಿದ, ಅಂದರೆ ಯಂತ್ರ ಓದುವ ರೂಪಕ್ಕೆ ಬದಲಾಯಿಸಿದ ಲಿಸ್ಪ್ ಪ್ರೋಗ್ರಾಂಗಳಾದ ಎಫ್‌ಎಎಸ್, ವಿಎಲ್‌ಎಕ್ಸ್ ಫೈಲುಗಳ ಕಥೆ ಬೇರೆ. ಅವು ಆಟೋಕ್ಯಾಡ್‌ಗೆಂದೇ ಕಟ್ಟಿದವು. ಬ್ರಿಕ್ಸ್‌ಕ್ಯಾಡ್‌ಗೆ ಎಲ್‌ಎಸ್‌ಪಿ ಅನ್ನುವ, ಲಿಸ್ಪ್ ಬರೆದಿಟ್ಟ ಮೂಲ ಫೈಲೇ ಬೇಕು. ಎಆರ್‌ಎಕ್ಸ್ ಅನ್ನುವ, ಆಟೋಕ್ಯಾಡ್‌ಗೆ ಹೆಚ್ಚುವರಿ ಕೆಲಸ ಸೇರಿಸುವ ಪ್ಲಗಿನ್ ಆದರೆ ಬರೆದವರೇ ಅದನ್ನು ಹೊಸ ಸಾಫ್ಟ್‌ವೇರ್‌ಗೆ ಮತ್ತೆ ಕಂಪೈಲ್ ಮಾಡಿಕೊಡಬೇಕು. ಬರೆದವರು ಕೆಲಸ ಬಿಟ್ಟು ಹೋಗಿದ್ದರೆ, ಹಳೆಯ ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವ ಮೊದಲೇ ಅದರ ಫೋಲ್ಡರುಗಳನ್ನು ಜಾಲಾಡಿ ಮೂಲ ಫೈಲು ಹುಡುಕಿ ತೆಗೆಯಿರಿ.